ಸಿಲ್ವರ್ ಒಂದೇ ಸಾಲದು: ನಮ್ಮ ಕಾಫಿ ತೋಟದ ಹಕ್ಕಿಗಳು

ಮೂಡಿಗೆರೆ ಕಡೆ ನಮ್ಮದು ರೊಬಸ್ಟಾ ತಳಿಯ ಕಾಫಿ ತೋಟ. ಸುತ್ತಮುತ್ತ ಬಹಳಷ್ಟು ಜನ ಕಾಡುಮರ ತೆಗೆದು ಕಾಫಿಯ ನೆರಳಿಗೆ ಸಿಲ್ವರ್, ಅಂದರೆ ಸಿಲ್ವರ್ ಓಕ್ ಮರ, ಹಾಕಿದ್ದಾರೆ. ಅವರನ್ನು ದೂರುವ ಹಾಗಿಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರುವುದೂ ಸುಲಭ. ಹೂ ಬಿಟ್ಟಾಗ ಮಕರಂದಕ್ಕೆ ಸೂರಕ್ಕಿ, ಪಿಕಳಾರ ಬರುತ್ತವೆ. ಆದರೆ ಹಣ್ಣು ತಿನ್ನುವ ಹಕ್ಕಿಗೆ ಅದರಲ್ಲಿ ಏನೂ ಇಲ್ಲ.

ನಾನು ಅತ್ತಿ, ಗೋಣಿ, ಬಸರಿ, ಹಲಸು, ನೇರಳೆ ಬಿಟ್ಟುಕೊಂಡೆ. ಅತ್ತಿ, ಗೋಣಿಗಳ ವಿಶೇಷ ಏನೆಂದರೆ ಎಲ್ಲ ಮರಗಳೂ ಒಟ್ಟಿಗೆ ಹಣ್ಣಾಗುವುದಿಲ್ಲ. ಕಾಡಿನಲ್ಲಿ ಹಣ್ಣಿಗೆ ಬರವಿದ್ದಾಗಲೂ ತೋಟದಲ್ಲಿ ಒಂದಾದರೂ ಮರ ತುಂಬಿರುತ್ತದೆ. ಗೋಣಿ ಹಣ್ಣಾದರೆ ಬೆಳಿಗ್ಗೆಯಿಂದಲೇ ಕುಟ್ರಹಕ್ಕಿ, ಹಸಿರು ಪಾರಿವಾಳ, ಮಂಗಟ್ಟೆ (ಹಾರ್ನ್‌ಬಿಲ್) ಗಲಾಟೆ.

ಹೆಚ್ಚು ಗಮನ ಬೇಕಾದದ್ದು ಮರಗಸಿಯಲ್ಲಿ, ಅಂದರೆ ನೆರಳು ತಗ್ಗಿಸಲು ಮರದ ಕೊಂಬೆ ಸವರುವ ಕೆಲಸದಲ್ಲಿ. ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಸುವ ಹೊತ್ತಿಗೆ ಮಂಗಟ್ಟೆ ಗೂಡಿನಲ್ಲಿರುತ್ತದೆ. ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಒಂದು ಸೀಳು ಮಾತ್ರ. ಗಂಡು ಬಂದು ಕಾಂಡಕ್ಕೆ ಕಚ್ಚಿಕೊಂಡು ಆ ಸೀಳಿನಲ್ಲಿ ಹಣ್ಣು ತುರುಕುತ್ತದೆ. ಮರದ ಬುಡದಲ್ಲಿ ಹಿಕ್ಕೆ, ಬೀಜ ರಾಶಿ ಬಿದ್ದಿದ್ದರೆ ಮೇಲೆ ಗೂಡಿರುವ ಸಾಧ್ಯತೆ ಹೆಚ್ಚು. ಅಂಥ ಮರಕ್ಕೆ ನಾನು ಮಾರ್ಚ್‌ನಲ್ಲೇ ಸುಣ್ಣದ ಪಟ್ಟೆ ಬಳಿಸುತ್ತೇನೆ. ಪಟ್ಟೆ ಇದ್ದರೆ ಆ ವರ್ಷ ಯಾರೂ ಕತ್ತಿ ಹಾಕುವಂತಿಲ್ಲ. ಒಣಗಿದ ಮರವನ್ನೂ, ಲೈನ್ ಮನೆ (ಕಾರ್ಮಿಕರ ಸಾಲುಮನೆ) ಅಥವಾ ದಾರಿಯ ಮೇಲೆ ಬೀಳುವ ಭಯ ಇಲ್ಲದಿದ್ದರೆ, ಹಾಗೇ ಬಿಡುತ್ತೇನೆ. ಸೌದೆಗೆ ಬೇರೆ ಬೇಕಾದಷ್ಟಿದೆ, ಪೊಟರೆ ಸಿಗುವುದು ಅಪರೂಪ.

ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಶ್ಚಿಮಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ 204 ಜಾತಿಯ ಹಕ್ಕಿಗಳು ದಾಖಲಾಗಿವೆ. ರಬ್ಬರಿಗಿಂತ ಕಾಫಿಯಲ್ಲಿ ಹೆಚ್ಚು. ಅದನ್ನು ಹಿಡಿದುಕೊಂಡು ತೋಟವೇ ಕಾಡಿಗೆ ಸಮ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಕಾಕರಣೆ ಹಕ್ಕಿ, ಅಂದರೆ ಮಲಬಾರ್ ಟ್ರೋಗನ್, ನಮ್ಮ ಗಡಿಯಾಚೆಯ ಹಳ್ಳದ ಕಾಡಿನಲ್ಲಿದೆ, ಕಾಫಿ ಗಿಡಗಳ ನಡುವೆ ನಾನು ಕಂಡಿಲ್ಲ. ಮಂಗಟ್ಟೆ ಕೂಡ ಬರುವುದು ಆ ಕಾಡು ಪಕ್ಕದಲ್ಲಿ ಇರುವುದರಿಂದಲೇ. ಹಾಗಾಗಿ ಹಳ್ಳದ ಅಂಚಿನ ಒಂದು ಪಟ್ಟಿಯಲ್ಲಿ ಕಾಫಿಯನ್ನೇ ಹಾಕಿಲ್ಲ. ಈ ಮಳೆಗೆ ಗಾಳಿಗೆ ಬಿದ್ದ ಸಿಲ್ವರ್‌ಗಳ ಜಾಗದಲ್ಲಿ ಅತ್ತಿ, ನೇರಳೆ ಸಸಿ ನೆಡಿಸುತ್ತಿದ್ದೇನೆ. ಮೆಣಸಿನ ಬಳ್ಳಿ ಅವುಗಳ ಮೇಲೂ ಹತ್ತುತ್ತದೆ.