ಕಲ್ಲಿಲ್ಲದ ಜಾಗವನ್ನೂ ಬರೆದುಕೊಳ್ಳಿ: ಸಸ್ಕ್ಯಾಚೆವಾನ್ ಸ್ಮಶಾನಗಳಲ್ಲಿ ನನ್ನ ಮೂರು ಬೇಸಿಗೆ

ನಾನು ಗದಗ ಕಡೆಯವನು. ಕೆಲಸದ ಮೇಲೆ ಬಂದು ಈಗ ಕೆನಡಾದ ಒಂದು ಪ್ರಾಂತವಾದ ಸಸ್ಕ್ಯಾಚೆವಾನ್‌ನಲ್ಲಿ ನೆಲೆಸಿದ್ದೇನೆ, ಯಾರ್ಕ್‌ಟನ್‌ನಿಂದ ಉತ್ತರಕ್ಕಿರುವ ಒಂದು ಸಣ್ಣ ಊರಲ್ಲಿ. ಕಣ್ಣು ಹಾಯುವಷ್ಟು ದೂರ ಗೋಧಿ, ಕನೋಲಾ ಹೊಲ. ಅಲ್ಲಲ್ಲಿ ಒಂದು ಮನೆ. ಜಲ್ಲಿ ರಸ್ತೆಯಲ್ಲಿ ಹತ್ತು ನಿಮಿಷ ಹೋದರೆ ಒಂದು ಸ್ಮಶಾನ ಸಿಗುತ್ತದೆ. ಅಲ್ಲಿ ಊರು ಉಳಿದಿಲ್ಲ, ಚರ್ಚ್ ಬಾಗಿಲು ಹಾಕಿ ಎಷ್ಟೋ ವರ್ಷ ಆಗಿದೆ, ಶಾಲೆ ಇದ್ದ ಕಡೆ ಒಂದು ಕಲ್ಲಿನ ಕಟ್ಟೆ ಮಾತ್ರ ಇದೆ, ಆದರೂ ಸ್ಮಶಾನದ ಹುಲ್ಲನ್ನು ಯಾರೋ ಬಂದು ಕತ್ತರಿಸಿ ಹೋಗಿರುತ್ತಾರೆ. ಅದನ್ನು ನೋಡಿ ನೋಡಿ ನನಗೆ ಈ ಕೆಲಸ ಹತ್ತಿಕೊಂಡಿತು. ಮೂರು ಬೇಸಿಗೆಯಲ್ಲಿ ನಮ್ಮ ಆರ್‌ಎಂ ಒಳಗೆ ನನಗೆ ಸಿಕ್ಕ ಸ್ಮಶಾನ, ಫಲಕ, ಯುದ್ಧ ಸ್ಮಾರಕ, ಶಾಲೆ ಕಟ್ಟೆ ಎಲ್ಲದರ ಫೋಟೋ ತೆಗೆದು, ಓದಿ, ನಕ್ಷೆಯಲ್ಲಿ ಗುರುತು ಮಾಡಿದ್ದೇನೆ. ಆರ್‌ಎಂ ಅಂದರೆ ರೂರಲ್ ಮುನಿಸಿಪಾಲಿಟಿ, ನಮ್ಮ ಪಂಚಾಯಿತಿ ಇದ್ದ ಹಾಗೆ. ಇಂಥ ಕೆಲಸಕ್ಕೆ ಇಳಿಯುವ ಮನಸ್ಸಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಲಿಯಬೇಕಾದದ್ದು ಇಲ್ಲಿನ ಜಮೀನಿನ ಲೆಕ್ಕ. ಇಲ್ಲಿ ಸರ್ವೆ ನಂಬರ್ ಅಂದರೆ ಬೇರೆಯೇ ಕ್ರಮ. 1872ರ ಡೊಮಿನಿಯನ್ ಲ್ಯಾಂಡ್ಸ್ ಆಕ್ಟ್ ಬಂದ ಮೇಲೆ ಈ ಬಯಲನ್ನೆಲ್ಲ ಚೌಕ ಚೌಕವಾಗಿ ಅಳೆದರು. ಆರು ಮೈಲಿಗೆ ಆರು ಮೈಲಿ ಒಂದು ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ಸೆಕ್ಷನ್‌ನ ಕಾಲು ಭಾಗ, 160 ಎಕರೆ, ಒಂದು ಕ್ವಾರ್ಟರ್. ಹತ್ತು ಡಾಲರ್ ಕಟ್ಟಿ ಅರ್ಜಿ ಹಾಕಿ, ಮನೆ ಕಟ್ಟಿ, ಉತ್ತು ತೋರಿಸಿದವರಿಗೆ ಆ ಕ್ವಾರ್ಟರ್ ಸಿಗುತ್ತಿತ್ತು. ಸ್ಮಶಾನದ ವಿಳಾಸವೂ ಇದೇ ಲೆಕ್ಕದಲ್ಲಿ ಇರುತ್ತದೆ, ಇಷ್ಟನೇ ಸೆಕ್ಷನ್‌ನ ವಾಯವ್ಯ ಕ್ವಾರ್ಟರ್ ಅಂತ. ಸೆಕ್ಷನ್ ಎಣಿಕೆ ಆಗ್ನೇಯ ಮೂಲೆಯಿಂದ ಶುರು. ಎತ್ತು ಹೊಲ ಉಳುವಾಗ ತಿರುಗಿ ತಿರುಗಿ ಬರುತ್ತದಲ್ಲ, ಹಾಗೆ ಒಂದು ಸಾಲು ಪಶ್ಚಿಮಕ್ಕೆ ಹೋಗಿ, ಮುಂದಿನದು ಪೂರ್ವಕ್ಕೆ ಬಂದು, ಕೊನೆಗೆ ಈಶಾನ್ಯ ಮೂಲೆಯಲ್ಲಿ 36 ಮುಗಿಯುತ್ತದೆ. ಇದು ತಲೆಗೆ ಹೋಗುವ ತನಕ ನಾನು ಸುಮ್ನೆ ಪೆಟ್ರೋಲ್ ಸುಟ್ಟಿದ್ದೇನೆ.

ಆರ್‌ಎಂ ಆಫೀಸಿನಲ್ಲಿ ಜಮೀನುದಾರರ ಹೆಸರಿರುವ ದೊಡ್ಡ ನಕ್ಷೆ ಮಾರುತ್ತಾರೆ. ಅದನ್ನು ತಗೊಳ್ಳಿ. ಸ್ಮಶಾನಕ್ಕೆ ದಾರಿ ಯಾರದೋ ಹೊಲದ ಮೇಲೆ ಇದ್ದರೆ ಮೊದಲು ಅವರಿಗೆ ಫೋನ್ ಮಾಡಿ. ಬಿತ್ತಿದ ಹೊಲದಲ್ಲಿ ಕಾರು ಇಳಿಸಬೇಡಿ, ತೆಗೆದ ಗೇಟು ಮುಚ್ಚಿ ಬನ್ನಿ. ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆ ಬಿದ್ದ ಮಾರನೇ ದಿನವಂತೂ ಹೋಗಲೇಬೇಡಿ. ದಕ್ಷಿಣದಲ್ಲಿ ರೆಜೈನಾ ಸುತ್ತಮುತ್ತ ಇರುವ ಜೇಡಿಮಣ್ಣನ್ನು ಇಲ್ಲಿಯವರು ಗಂಬೊ ಅನ್ನುತ್ತಾರೆ. ನಮ್ಮ ಎರೆಮಣ್ಣಿನ ಹಾಗೆಯೇ ಒಣಗಿದಾಗ ಬಿರುಕು, ನೆನೆದಾಗ ಚಕ್ರಕ್ಕೆ ಮೆತ್ತಿಕೊಳ್ಳುವ ಅಂಟು. ಮೊದಲ ಸಲ ಅದು ಬೂಟಿಗೆ ಹತ್ತಿದಾಗ ನನಗೆ ಅಪ್ಪನ ಹೊಲವೇ ನೆನಪಾಯಿತು.

ದೂರದಿಂದ ಸ್ಮಶಾನ ಗುರುತಿಸುವುದು ಗಿಡಗಳಿಂದ. ಬಯಲ ನಡುವೆ ಕ್ಯಾರಗಾನ ಬೇಲಿಯ ಒಂದು ಚೌಕ, ಒಳಗೆ ನಾಲ್ಕಾರು ಸ್ಪ್ರೂಸ್ ಮರ, ಲೈಲಾಕ್ ಪೊದೆ. ಕ್ಯಾರಗಾನ ಸೈಬೀರಿಯಾ ಕಡೆಯ ಗಿಡ, ಚಳಿಗೂ ಬರಕ್ಕೂ ಬಗ್ಗುವುದಿಲ್ಲ. ಇಂಡಿಯನ್ ಹೆಡ್ ಊರಿನ ಸರ್ಕಾರಿ ನರ್ಸರಿಯಿಂದ ಕಳೆದ ಶತಮಾನದ ಶುರುವಿನಿಂದ ಈ ಬಯಲಿನ ರೈತರಿಗೆ ಇಂಥ ಸಸಿಗಳು ಹೋಗುತ್ತಿದ್ದವು. ಪಾಳುಬಿದ್ದ ಮನೆಯಂಗಳದಲ್ಲೂ ಇದೇ ಬೇಲಿ ಇರುವುದರಿಂದ ಹತ್ತಿರ ಹೋಗಿಯೇ ನೋಡಬೇಕು.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. ಮೊದಲ ಬೇಸಿಗೆಯಲ್ಲಿ ಒಂದು ಯುಕ್ರೇನಿಯನ್ ಸ್ಮಶಾನದಲ್ಲಿ ಒಂದೇ ಸಂಜೆಗೆ 64 ಕಲ್ಲುಗಳ ಫೋಟೋ ತೆಗೆದೆ. ಒಂದೊಂದೂ ಚೆನ್ನಾಗಿ ಬಂದಿತ್ತು. ಬೆಳಕು ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಓಡಿ ಓಡಿ ತೆಗೆದಿದ್ದೆ. ಚಳಿಗಾಲದಲ್ಲಿ ಕೂತು ಕಂಪ್ಯೂಟರಿಗೆ ಹಾಕುವಾಗ ಗೊತ್ತಾಯಿತು, ಯಾವ ಕಲ್ಲಿನ ಪಕ್ಕ ಯಾವುದು ಅಂತ ನನ್ನ ಹತ್ತಿರ ಲೆಕ್ಕವೇ ಇಲ್ಲ. ಒಂದೇ ಮನೆತನದ ಹೆಸರಿನ ಐದು ಕಲ್ಲು ಇದ್ದವು. ಅವು ಒಂದೇ ಸಾಲಿನಲ್ಲಿ ಇದ್ದವೋ ಮೂಲೆಗೊಂದು ಇದ್ದವೋ ನೆನಪಿಲ್ಲ. ಸ್ಮಶಾನದಲ್ಲಿ ಸಾಲು ಅಂದರೆ ಸುಮ್ನೆ ಅಲ್ಲ. ಗಂಡ, ಹೆಂಡತಿ, ಸತ್ತ ಕೂಸು ಪಕ್ಕಪಕ್ಕ ಇರುತ್ತಾರೆ. ಕೆಲವು ಕಡೆ ಮನೆತನದ ಲೆಕ್ಕ ಬಿಟ್ಟು ಸತ್ತ ದಿನದ ಕ್ರಮದಲ್ಲಿ ಹೂಳಿರುತ್ತಾರೆ. ಅಂಥ ಕಡೆ ಒಂದು ಸಾಲಿನಲ್ಲಿ ಬೇರೆ ಬೇರೆ ಮನೆಯ ಐದಾರು ಜನ, ಎಲ್ಲರದೂ 1918ರ ಚಳಿಗಾಲದ ತಾರೀಖು ಕಂಡರೆ ಅದು ಸ್ಪ್ಯಾನಿಷ್ ಫ್ಲೂ ಬಂದ ಹೊತ್ತು ಅಂತ ತಿಳಿಯುತ್ತದೆ. ಬಿಡಿ ಬಿಡಿ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಎರಡನೇ ಬೇಸಿಗೆಯಲ್ಲಿ ಅದೇ ಸ್ಮಶಾನಕ್ಕೆ ಮತ್ತೆ ಹೋಗಿ ಗೇಟಿನಿಂದ ಶುರು ಮಾಡಿ, ಎಡದಿಂದ ಬಲಕ್ಕೆ, ಸಾಲಿಗೊಂದು ಹಾಳೆ ಹಾಕಿ ಬರೆದೆ. ಎರಡು ಕಲ್ಲಿನ ನಡುವೆ ಒಬ್ಬರು ಹಿಡಿಯುವಷ್ಟು ಜಾಗ ಖಾಲಿ ಇದ್ದರೆ ಅದಕ್ಕೂ ಒಂದು ನಂಬರ್ ಕೊಟ್ಟು "ಖಾಲಿ" ಅಂತ ಬರೆದೆ. ಈ ಖಾಲಿ ನಂಬರ್‌ಗಳು ಎಷ್ಟು ಮುಖ್ಯ ಅಂತ ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ.

ಎರಡನೇ ತಪ್ಪು ಓದಿನದು. ಒಂದು ಕೈಯಲ್ಲಿ ಎರೆದ ಸಿಮೆಂಟಿನ ಶಿಲುಬೆ ಇತ್ತು, ಮೊಣಕಾಲೆತ್ತರ. ಸಿಮೆಂಟ್ ಹಸಿ ಇರುವಾಗಲೇ ಮೊಳೆಯಿಂದಲೋ ಕಡ್ಡಿಯಿಂದಲೋ ಅಕ್ಷರ ಗೀರಿದ್ದಾರೆ. ಗೀರಿದ ಅಂಚಿನಲ್ಲಿ ಸಿಮೆಂಟ್ ಮೇಲೆದ್ದು ಹಾಗೇ ಗಟ್ಟಿಯಾಗಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ಸುತ್ತ ಒಡೆದ ಪಿಂಗಾಣಿ ತಟ್ಟೆಯ ನೀಲಿ ಚೂರುಗಳನ್ನು ಒತ್ತಿ ಕೂರಿಸಿದ್ದಾರೆ. ಇಂಗ್ಲಿಷಿನ ಎನ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು ಇತ್ತು. ಪಾಪ, ಓದು ಬಾರದವರು ಬರೆದಿರಬೇಕು ಅಂದುಕೊಂಡು "ಅಕ್ಷರ ತಪ್ಪು" ಅಂತ ಷರಾ ಹಾಕಿದೆ. ಅದರ ಕೆಳಗೆ ಪಿ, ಓ, ಎಂ, ಎ, ಎಚ್ ಅಂತ ಇದ್ದ ಹೆಸರನ್ನು ಹಾಗೇ "ಪೊಮಾಹ್" ಅಂತ ಇಳಿಸಿಕೊಂಡೆ.

ನಮ್ಮ ಬೀದಿಯಲ್ಲಿ ಒಬ್ಬ ಯುಕ್ರೇನಿಯನ್ ಮೂಲದ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ಇಲ್ಲಿ ಅಜ್ಜಿಗೆ ಬಾಬಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರಿಗೆ ಫೋಟೋ ತೋರಿಸಿದೆ.

"ತಪ್ಪು ಏನಿಲ್ಲಪ್ಪ ಇದರಲ್ಲಿ. ಇದು ನಮ್ಮ ಅಕ್ಷರ, ಇ ಅಂತ ಓದಬೇಕು," ಅಂದರು. ಬೆರಳಿಟ್ಟು ಓದಿದರು: "ತುತ್ ಸ್ಪೊಚಿವಾಯೆ. ಇಲ್ಲಿ ಮಲಗಿದ್ದಾನೆ ಅಂತ. ಇವನ ಹೆಸರು ರೋಮನ್."

ನಾನು ಪಿ ಅಂದುಕೊಂಡದ್ದು ಅವರ ಲಿಪಿಯಲ್ಲಿ ರ, ಎಚ್ ಅಂದುಕೊಂಡದ್ದು ನ. ಬರೆದವನು ಒಂದಕ್ಷರವನ್ನೂ ತಪ್ಪಿರಲಿಲ್ಲ. ಹಾಗೇ ಬಿಟ್ಟಿದ್ದರೆ ಆ ಮನುಷ್ಯನ ಹೆಸರು ಪಟ್ಟಿಯಲ್ಲಿ ಹಾಳಾಗಿ, ಅವನ ಮೊಮ್ಮಕ್ಕಳು ಹುಡುಕಿದರೂ ಸಿಗುತ್ತಿರಲಿಲ್ಲ. ನಮ್ಮೂರ ಹೊಲದಲ್ಲಿ ವೀರಗಲ್ಲು ಇತ್ತು, ಅದರ ಹಳಗನ್ನಡ ಅಕ್ಷರ ನೋಡಿ "ಏನೋ ಗೀಚಿದ್ದಾರೆ" ಅನ್ನುತ್ತಿದ್ದೆವು. ನಾನು ಇಲ್ಲಿ ಮಾಡಿದ್ದೂ ಅದನ್ನೇ ಅಲ್ವಾ. ಆ ಚಳಿಗಾಲ ಯುಕ್ರೇನಿಯನ್ನರ ಸಿರಿಲಿಕ್ ಅಕ್ಷರಮಾಲೆ ಕಲಿತೆ. ಎರಡು ವಾರ ಸಾಕು. ತಿಂಗಳ ಹೆಸರು, "ಹುಟ್ಟಿದ", "ತೀರಿಕೊಂಡ" ಅನ್ನುವ ನಾಲ್ಕು ಮಾತು ಕಲಿತರೆ ಮುಕ್ಕಾಲು ಕಲ್ಲು ಓದಬಹುದು. ನವೆಂಬರಿಗೆ ಅವರು ಲಿಸ್ತೊಪಾದ್ ಅನ್ನುತ್ತಾರೆ, ಎಲೆ ಉದುರುವ ತಿಂಗಳು. ಜರ್ಮನ್ ಸ್ಮಶಾನವಾದರೆ "ಹಿಯರ್ ರೂಟ್" ಅಂತ ಶುರುವಾಗುತ್ತದೆ, ಅದೂ ಇಲ್ಲಿ ಮಲಗಿದ್ದಾರೆ ಅಂತಲೇ.

ಮಾಸಿದ ಕಲ್ಲು ಓದಲು ಚಾಕ್ ಉಜ್ಜುವುದು, ಹಿಟ್ಟು ಹಚ್ಚುವುದು, ಶೇವಿಂಗ್ ಕ್ರೀಮ್ ಬಳಿಯುವುದು ಇದೆಲ್ಲ ಬೇಡವೇ ಬೇಡ. ಅವೆಲ್ಲ ಕಲ್ಲಿನ ಸಂದಿಯಲ್ಲಿ ಉಳಿದು ಅದನ್ನೇ ತಿನ್ನುತ್ತವೆ. ಬೆಳಕು ಸಾಕು. ನಾನು ಮನೆಯಲ್ಲಿದ್ದ ಉದ್ದ ಕನ್ನಡಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಇಟ್ಟುಕೊಂಡಿರುತ್ತೇನೆ. ಬಿಸಿಲನ್ನು ಕಲ್ಲಿನ ಒಂದು ಬದಿಯಿಂದ ಓರೆಯಾಗಿ ಬೀಳಿಸಿದರೆ ಸವೆದ ಅಕ್ಷರದ ಗುಳಿಯಲ್ಲಿ ನೆರಳು ತುಂಬಿ ಎದ್ದು ಕಾಣುತ್ತದೆ. ಪಾಚಿ ತೆಗೆಯಲೇಬೇಕು ಅಂದರೆ ಮನೆಯವರ ಅಥವಾ ಸ್ಮಶಾನ ನೋಡಿಕೊಳ್ಳುವವರ ಒಪ್ಪಿಗೆ ಕೇಳಿ, ಬರೀ ನೀರು ಮತ್ತು ಮೆತ್ತನೆಯ ನೈಲಾನ್ ಬ್ರಷ್, ಕೆಳಗಿನಿಂದ ಮೇಲಕ್ಕೆ. ಬ್ಲೀಚ್, ತಂತಿ ಬ್ರಷ್, ಪ್ರೆಶರ್ ವಾಷರ್ ಮುಟ್ಟಬೇಡಿ. ಹಳೇ ಬಿಳಿ ಮಾರ್ಬಲ್ ಮೇಲ್ಮೈ ಸಕ್ಕರೆ ಉದುರಿದ ಹಾಗೆ ಉದುರುತ್ತದೆ, ಅದನ್ನು ಉಜ್ಜುವುದೇ ಬೇಡ. ಒಂದೊಂದು ಕಡೆ ನೀಲಿ-ಬೂದು ಬಣ್ಣದ ಸ್ಮಾರಕ ಸಿಗುತ್ತದೆ, ಅಕ್ಷರ ಈಗ ತಾನೇ ಕೆತ್ತಿದ ಹಾಗಿರುತ್ತದೆ. ತಟ್ಟಿದರೆ ಡಬ್ಬದ ಸದ್ದು. ಹೆಸರು ವೈಟ್ ಬ್ರಾಂಜ್, ನಿಜವಾಗಿ ಅದು ಸತುವು, ಒಳಗೆ ಟೊಳ್ಳು.

ಫಲಕ ಮತ್ತು ಕಟ್ಟೆಗಳ ಕತೆ ಬೇರೆ. ಹೊಲದಿಂದ ಆಯ್ದ ಕಲ್ಲು ಜೋಡಿಸಿ ಕಟ್ಟಿದ ಇಂಥ ಕಟ್ಟೆಗೆ ಇಲ್ಲಿ ಕೇರ್ನ್ ಅನ್ನುತ್ತಾರೆ. ಪ್ರಾಂತ ಹುಟ್ಟಿದ್ದು 1905ರಲ್ಲಿ, ಹಾಗಾಗಿ 1955, 1980, 2005ರ ಉತ್ಸವಗಳಲ್ಲಿ ಊರೂರಿನವರು ಕಟ್ಟಿಸಿದ್ದು ಜಾಸ್ತಿ. ಮುಚ್ಚಿಹೋದ ಒಂದು ಕೋಣೆಯ ಶಾಲೆಗಳ ನೆನಪಿಗೆ ಕಟ್ಟಿದ್ದೇ ಹೆಚ್ಚು. ಒಂದು ಎಚ್ಚರಿಕೆ: ಕಟ್ಟೆ ಇರುವ ಜಾಗವೇ ಶಾಲೆ ಇದ್ದ ಜಾಗ ಅಂತ ನಂಬಬೇಡಿ. ಜನರಿಗೆ ಕಾಣಲಿ ಅಂತ ರಸ್ತೆ ಕೂಡುವಲ್ಲಿ ಕಟ್ಟಿರುತ್ತಾರೆ, ಶಾಲೆ ಅಲ್ಲಿಂದ ಅರ್ಧ ಮೈಲಿ ಒಳಗೆ ಇದ್ದಿರಬಹುದು. ಫಲಕದ ಸಣ್ಣ ಅಕ್ಷರ ಓದಿ, ಹಿಂದಕ್ಕೂ ಹೋಗಿ ನೋಡಿ. ಯಾರು, ಯಾವ ವರ್ಷ ಹಾಕಿಸಿದರು ಅನ್ನುವುದು ಅಲ್ಲೇ ಇರುತ್ತದೆ. ಯುದ್ಧ ಸ್ಮಾರಕದ ಹೆಸರುಗಳನ್ನು ಅಂತರ್ಜಾಲದಲ್ಲಿರುವ ಕೆನಡಿಯನ್ ವರ್ಚುವಲ್ ವಾರ್ ಮೆಮೋರಿಯಲ್‌ನಲ್ಲಿ ಹುಡುಕಬಹುದು. ಈ ಪ್ರಾಂತ ಯುದ್ಧದಲ್ಲಿ ಸತ್ತವರ ಹೆಸರನ್ನು ಉತ್ತರದ ಕೆರೆ, ದ್ವೀಪ, ಕೊಲ್ಲಿಗಳಿಗೆ ಇಟ್ಟಿದೆ, ನಾಲ್ಕು ಸಾವಿರಕ್ಕೂ ಹೆಚ್ಚು. ನಮ್ಮೂರ ಸ್ಮಾರಕದ ಒಂದು ಹೆಸರು ದೂರದ ಒಂದು ಕೆರೆಯ ಹೆಸರಾಗಿ ನಕ್ಷೆಯಲ್ಲಿ ಸಿಕ್ಕ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಪೂರ್ವಕ್ಕೆ ವೆರಿಗಿನ್ ಕಡೆ ಹೋದರೆ ಡೌಖೊಬೊರ್ ಅನ್ನುವ ರಷ್ಯಾದ ಕ್ರೈಸ್ತ ಪಂಥದವರ ಸ್ಮಶಾನಗಳು. ಯುದ್ಧಕ್ಕೆ ಹೋಗುವುದಿಲ್ಲ ಅಂತ ಆಯುಧ ಸುಟ್ಟು, ರಷ್ಯಾದಿಂದ 1899ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಬಂದರು. ರಾಜನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಿ ಒಬ್ಬೊಬ್ಬರ ಹೆಸರಿಗೆ ಜಮೀನು ಮಾಡಿಸಿಕೊಳ್ಳಲು ಬಹಳ ಮಂದಿ ಒಪ್ಪಲಿಲ್ಲ, 1907ರಲ್ಲಿ ಅವರ ಜಮೀನು ಹೋಯಿತು. ಮರುವರ್ಷದಿಂದ ಸಾವಿರಾರು ಜನ ಬ್ರಿಟಿಷ್ ಕೊಲಂಬಿಯಾಕ್ಕೆ ಹೊರಟರು. ಹಳ್ಳಿಗಳು ಹೊಲದಲ್ಲಿ ಕರಗಿದವು, ಸ್ಮಶಾನ ಉಳಿಯಿತು.

ಇನ್ನು ನೆಲದ ಮೂಲ ಜನರ ಸಮಾಧಿಗಳು. ಇದು ಮೂಲ ಜನರಿಗೂ ಬ್ರಿಟಿಷ್ ರಾಣಿಯ ಸರ್ಕಾರಕ್ಕೂ 1874ರಲ್ಲಿ ಆದ ನಾಲ್ಕನೇ ಒಪ್ಪಂದದ ನೆಲ. ರಿಸರ್ವ್, ಅಂದರೆ ಅವರಿಗೆ ಅಂತ ಬಿಟ್ಟ ಜಮೀನು, ಅದರ ಒಳಗಿನ ಸ್ಮಶಾನದಲ್ಲಿ ನಾನು ಒಂದು ಫೋಟೋವನ್ನೂ ತೆಗೆದಿಲ್ಲ. ಅದು ಅವರು ಕರೆದರೆ ಮಾಡುವ ಕೆಲಸ, ನಾವಾಗಿ ನುಗ್ಗುವುದಲ್ಲ. ರೆಜೈನಾದ ಇಂಡಿಯನ್ ಇಂಡಸ್ಟ್ರಿಯಲ್ ಶಾಲೆಯ ಸ್ಮಶಾನಕ್ಕೆ ಮಾತ್ರ ಒಮ್ಮೆ ಹೋಗಿ ನಿಂತು ಬಂದೆ. ಇಲ್ಲಿ ಇಂಡಿಯನ್ ಅಂದರೆ ಮೂಲ ಜನ, ಮನೆಯಿಂದ ದೂರ ಮಾಡಿದ ಅವರ ಮಕ್ಕಳನ್ನು ಹೂಳಿದ ಜಾಗ ಅದು. ನೆಲದೊಳಗೆ ರಾಡಾರ್ ಬಿಟ್ಟು ನೋಡಿದಾಗ 38 ಸಮಾಧಿ ಗೊತ್ತಾದವು, 2017ರಲ್ಲಿ ಪ್ರಾಂತ ಅದನ್ನು ಪರಂಪರೆಯ ತಾಣ ಅಂತ ಘೋಷಿಸಿತು. ಅಲ್ಲಿಂದ ಬಂದ ಮೇಲೆ ನನ್ನ ಹಾಳೆಯ "ಖಾಲಿ" ಅನ್ನುವ ಮಾತನ್ನೆಲ್ಲ ಹೊಡೆದು "ಕಲ್ಲಿಲ್ಲ" ಅಂತ ಬರೆದೆ. ಕಲ್ಲಿಲ್ಲ ಅಂದರೆ ಯಾರೂ ಇಲ್ಲ ಅಂತ ಅಲ್ಲವಲ್ಲ.

ಆ ಕಲ್ಲಿಲ್ಲದ ಜಾಗಗಳ ಹೆಸರು ಸಿಕ್ಕಿದ್ದು ಪ್ರೊವೊದಿ ದಿನ. ಈಸ್ಟರ್ ಆದ ಮೇಲೆ ಯುಕ್ರೇನಿಯನ್ನರು ಸ್ಮಶಾನದಲ್ಲಿ ಸೇರಿ ಸತ್ತವರಿಗೆ ಪ್ರಾರ್ಥನೆ ಮಾಡುತ್ತಾರೆ. ರೊಟ್ಟಿ, ಮೊಟ್ಟೆ ತಂದಿರುತ್ತಾರೆ. ನಮ್ಮ ಹಿರಿಯರ ಹಬ್ಬದ ಎಡೆ ಕಣ್ಣಿಗೆ ಬಂತು. ಬಾಬಾ ನನ್ನನ್ನೂ ಕರೆದುಕೊಂಡು ಹೋದರು. ಪಾದ್ರಿ ಸಮಾಧಿಯಿಂದ ಸಮಾಧಿಗೆ ನೀರು ಚಿಮುಕಿಸುತ್ತಾ ಬರುತ್ತಾರೆ, ಜನ ತಮ್ಮ ತಮ್ಮವರ ಹತ್ತಿರ ಹೋಗಿ ನಿಂತಿರುತ್ತಾರೆ. ನಾನು ಹಾಳೆ ಹಿಡಿದು ಬೇಲಿ ಪಕ್ಕ ಇದ್ದೆ. ಮೂರನೇ ಸಾಲಿನಲ್ಲಿ, ನಾನು 11 ಅಂತ ನಂಬರ್ ಕೊಟ್ಟಿದ್ದ ಬರೀ ಹುಲ್ಲಿನ ಜಾಗದಲ್ಲಿ, ಬಾಬಾ ಹೋಗಿ ನಿಂತರು. ಪಾದ್ರಿ ಬಂದು ಅವರ ಮುಂದೆ ನಿಂತು, ಬೇರೆಯವರಿಗೆ ಮಾಡಿದಷ್ಟೇ ಹೊತ್ತು ಪ್ರಾರ್ಥನೆ ಮಾಡಿ ಮುಂದೆ ಹೋದರು.

ಆಮೇಲೆ ಹತ್ತಿರ ಹೋಗಿ, "ಬಾಬಾ, ಇಲ್ಲಿ ಯಾರು?" ಅಂತ ಕೇಳಿದೆ.

"ನಮ್ಮ ದೊಡ್ಡಮ್ಮ. ಮರದ ಶಿಲುಬೆ ಇತ್ತು, ಹುಲ್ಲಿಗೆ ಬೆಂಕಿ ಬಿದ್ದ ವರ್ಷ ಸುಟ್ಟುಹೋಯಿತು. ನಮ್ಮಮ್ಮ ಪ್ರತಿ ವರ್ಷ ಇಲ್ಲೇ ನಿಲ್ಲಿಸುತ್ತಿದ್ದಳು. ಬರೆದುಕೋ."

ಬರೆದುಕೊಂಡೆ. ಅವತ್ತು ಹಾಳೆಯಲ್ಲಿ ಇನ್ನೂ ನಾಲ್ಕು ನಂಬರಿಗೆ ಹೆಸರು ಸಿಕ್ಕಿತು.