ಟಿಟಿ ನೆತ್ತಿಯ ಮೇಲೆ ಸೋಲಾರ್: ಹದಿನಾರು ತೂತಿನ ಬದಲು ಒಂದು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಕಳೆದ ವರ್ಷ ಭರಣಿ ಮಳೆ ಬಂದಾಗ, ಮಲಗಿ ಉಂಡು ತಿರುಗಾಡಲು ಮನೆಯಂತೆ ಮಾಡಿಕೊಂಡ ನಮ್ಮ ಟಿಟಿಯೊಳಗೆ (ಟೆಂಪೋ ಟ್ರಾವೆಲರ್) ಬೆಳೆದದ್ದು ಹಾಸಿಗೆಯ ಮೇಲಿನ ಬೂಷ್ಟು. ರಾಮಮೂರ್ತಿ ನಗರದ ಮನೆಯೆದುರು ನಿಂತಿದ್ದ ಗಾಡಿಯ ಬಾಗಿಲು ತೆರೆದರೆ ಒದ್ದೆ ಹತ್ತಿಯ ವಾಸನೆ. ತಲೆ ಎತ್ತಿದರೆ ಪ್ಲೈವುಡ್ ಒಳಛಾವಣಿಯ ತುಂಬ ಟೀ ಚೆಲ್ಲಿದಂಥ ಕಲೆ. ಎರಡು ತಿಂಗಳ ಹಿಂದಷ್ಟೇ ಒಂದು ಅಂಗಡಿಯವರು ಬಂದು ಎರಡು ಸೋಲಾರ್ ಪ್ಯಾನೆಲ್‌ಗಳನ್ನು ಮುಕ್ಕಾಲು ಗಂಟೆಯಲ್ಲಿ ಕೂರಿಸಿ ಹೋಗಿದ್ದರು. ಪ್ಯಾನೆಲ್ ಬಿಚ್ಚಿ ಎಣಿಸಿದೆ. ಎಂಟು ಕಾಲುಗಳು, ಕಾಲಿಗೆ ಎರಡರಂತೆ ತಗಡಿಗೆ ನೇರವಾಗಿ ಕೊರೆದ ಹದಿನಾರು ಸ್ಕ್ರೂಗಳು, ಪ್ರತಿಯೊಂದರ ತಲೆಯ ಮೇಲೂ ಬಚ್ಚಲುಮನೆಗೆ ಬಳಿಯುವ ಸಿಲಿಕಾನಿನ ಒಂದೊಂದು ಗುಪ್ಪೆ.

ನಾನು ದೂರವಾಣಿನಗರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಮೊದಲು ಬೆಸುಗೆ ಹಾಕುತ್ತಿದ್ದೆ. ಕೊನೆಯ ಎಂಟು ವರ್ಷ ಇತರರು ಹಾಕಿದ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ ವಾಪಸು ಕಳಿಸುತ್ತಿದ್ದೆ. ಆ ಬುದ್ಧಿ ಇನ್ನೂ ಹೋಗಿಲ್ಲ. ನಮ್ಮ ಮನೆಯವರು ಗಾಡಿ ಓಡಿಸುತ್ತಾರೆ, ಬಿಚ್ಚುವುದು ಕಟ್ಟುವುದು ನನ್ನ ಪಾಲು. ಮೈದುನನ ಫ್ಯಾಬ್ರಿಕೇಷನ್ ಷೆಡ್ಡು ಪೀಣ್ಯದಲ್ಲಿದೆ. ಮೂರು ಭಾನುವಾರ ಹಿಡಿದು ಇಡೀ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆವು. ಸೋಲಾರ್ ಎಂದರೆ ಎಲ್ಲರೂ ಕರೆಂಟಿನ ಲೆಕ್ಕಕ್ಕೆ ಹೆದರುತ್ತಾರೆ. ಕರೆಂಟು ಹೇಳಿದ ಮಾತು ಕೇಳುತ್ತದೆ. ಓಡುವ ಗಾಡಿಯ ನೆತ್ತಿಯ ಮೇಲೆ ಮಾತು ಕೇಳದವು ಎರಡು: ನೀರು ಮತ್ತು ಗಾಳಿ.

ಆದರೂ ಲೆಕ್ಕ ಬೇಕು, ಬೇಗ ಮುಗಿಸೋಣ. ನಮ್ಮ 12 ವೋಲ್ಟಿನ ಪುಟ್ಟ ಫ್ರಿಜ್ 45 ವ್ಯಾಟ್ ಎಳೆಯುತ್ತದೆ, ದಿನದ ಅರ್ಧ ಹೊತ್ತು ಓಡುತ್ತದೆ; ಅದಕ್ಕೆ 540 ವ್ಯಾಟ್-ಗಂಟೆ. 15 ವ್ಯಾಟಿನ ಎರಡು ಫ್ಯಾನ್ ಎಂಟು ಗಂಟೆ, 240. ದೀಪಗಳಿಗೆ 80, ಮೊಬೈಲು ಲ್ಯಾಪ್‌ಟಾಪಿಗೆ 100, ನೀರಿನ ಪಂಪಿಗೆ 20. ಒಟ್ಟು ಸಾವಿರಕ್ಕೆ ಇಪ್ಪತ್ತು ಕಡಿಮೆ. ನಮ್ಮ ಕಡೆ ಒಳ್ಳೆಯ ದಿನದ ಬಿಸಿಲನ್ನು ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದು ಹಿಡಿದು, ಬಿಸಿ, ಧೂಳು, ತಂತಿಗಳಲ್ಲಿ ಶೇ 30ರಷ್ಟು ಹೋಗುತ್ತದೆ ಎಂದು ಕಳೆದರೆ, 300 ವ್ಯಾಟಿನ ಪ್ಯಾನೆಲ್ 945 ಕೊಡುತ್ತದೆ, 400 ವ್ಯಾಟಿನದು 1,260. ಹಾಗಾಗಿ 200 ವ್ಯಾಟಿನವು ಎರಡು. ಇಂಡಕ್ಷನ್ ಒಲೆ ಬೇಕೆನ್ನುವವರು ಈ ಲೆಕ್ಕಕ್ಕೆ ಬರಬೇಡಿ; ನಾವು ಗ್ಯಾಸಿನ ಮೇಲೆಯೇ ಅನ್ನ ಮಾಡುತ್ತೇವೆ.

ಅಂಟಿಸಿದರೆ ಸಾಕು ಎನ್ನುವ, ಹಪ್ಪಳದಂತೆ ಬಾಗುವ ಪ್ಯಾನೆಲ್‌ಗಳೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಗುರ, ಚೆಂದ. ನಾನು ಮುಟ್ಟಲಿಲ್ಲ. ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಸುಮಾರು ಶೇ 0.35ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಕಾದ ತಗಡಿಗೆ ಅಂಟಿ ಕೂತದ್ದು ಕಾವಲಿಯ ಮೇಲಿನ ದೋಸೆಯೇ ಸರಿ. ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಪ್ಯಾನೆಲ್ ತೆಗೆದುಕೊಳ್ಳಿ, ಅದರ ಹೊಟ್ಟೆಯ ಕೆಳಗೆ ಎರಡು ಅಂಗುಲ ಗಾಳಿಯಾಡಲು ಬಿಡಿ. ಪ್ಯಾನೆಲ್ಲಿನ ನೆರಳಿನಿಂದ ಗಾಡಿಯೂ ಒಳಗೆ ತಂಪಾಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದದ ಕೆಲಸ ಒಂದಿದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಲಿಖಿತವಾಗಿ ಕೇಳಿಕೊಂಡು ಮುಂದುವರಿಯಿರಿ. ಪ್ಯಾನೆಲ್ ಕೂತ ಮೇಲೆ ನೆಲದಿಂದ ಒಟ್ಟು ಎತ್ತರ ಅಳೆದು ಸ್ಟೀರಿಂಗ್ ಪಕ್ಕ ಚೀಟಿ ಅಂಟಿಸಿ. ನಮ್ಮದು ಐದು ಅಂಗುಲ ಬೆಳೆಯಿತು. ಮದುವೆ ಮಂಟಪಗಳ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸುವ ಭಾಗ್ಯ ಅಂದಿಗೇ ಮುಗಿಯಿತು.

ಪ್ಯಾನೆಲ್ಲನ್ನು ಓರೆಯಾಗಿ ಎತ್ತಿ ನಿಲ್ಲಿಸಬೇಕೇ ಎಂದು ಪಕ್ಕದ ಮನೆಯವರು ಕೇಳಿದರು. ಅವರ ಮಹಡಿಯ ಮೇಲಿನ ನೀರು ಕಾಯಿಸುವ ಸೋಲಾರ್ ಓರೆಯಾಗಿದೆ. ಮನೆ ತಿರುಗುವುದಿಲ್ಲ, ಗಾಡಿ ತಿರುಗುತ್ತದೆ. ದಕ್ಷಿಣಕ್ಕೆಂದು ಓರೆ ಮಾಡಿದ್ದು ನಾಳೆ ಉತ್ತರಕ್ಕೆ ಮುಖ ಮಾಡಿ ನಿಂತಿರುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಗೆ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಡಿಸೆಂಬರ್ ಕೊನೆಯ ನಡು ಮಧ್ಯಾಹ್ನದಲ್ಲೂ ಸೂರ್ಯ 53 ಡಿಗ್ರಿಗಿಂತ ಮೇಲಿರುತ್ತಾನೆ; ಆಗ ಚಪ್ಪಟೆ ಪ್ಯಾನೆಲ್ಲಿಗೆ ಐದರಲ್ಲಿ ಒಂದು ಪಾಲು ನಷ್ಟ. ಅಷ್ಟನ್ನು ಉಳಿಸಲು ಮಡಚುವ ಕಾಲು, ಕೀಲು, ಗಾಳಿಗೆ ಇನ್ನೊಂದು ಬಾಯಿ? ಬೇಡ. ಚಪ್ಪಟೆಯಾಗಿಯೇ ಮಲಗಲಿ.

ಜಾಗ ಗುರುತಿಸಲು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಪ್ಯಾನೆಲ್ಲಿನ ಅಳತೆಗೆ ಕತ್ತರಿಸಿ (ನಮ್ಮದು 148 ಸೆ.ಮೀ. ಉದ್ದ, 67 ಅಗಲ) ಛಾವಣಿಯ ಮೇಲಿಟ್ಟು ಬೆಳಗ್ಗೆ ಒಂಬತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಏಣಿ ಹತ್ತಿ ನೋಡಿದೆ. ನೋಡಬೇಕಾದದ್ದು ನೆರಳನ್ನು. ಪ್ಯಾನೆಲ್ಲಿನ ಸೆಲ್‌ಗಳು ಹೂವಿನ ಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಒಂದರ ಮೇಲೆ ನೆರಳು ಕೂತರೂ ಅದಿರುವ ಭಾಗವಿಡೀ ಮಲಗುತ್ತದೆ. ಗಾಳಿ ಹೊರಹಾಕುವ ಫ್ಯಾನಿನ ಮುಚ್ಚಳ ನಮ್ಮ ಛಾವಣಿಯ ನಡುವೆ 15 ಸೆ.ಮೀ. ಎದ್ದು ನಿಂತಿದೆ. ಅದರ ಎರಡೂ ಕಡೆ ಒಂದೊಂದು ಅಡಿ ಬಿಟ್ಟು, ಒಂದು ಪ್ಯಾನೆಲ್ ಮುಂದೆ, ಇನ್ನೊಂದು ಹಿಂದೆ ಎಂದು ತೀರ್ಮಾನಿಸಿದೆವು.

ಇನ್ನು ಮುಖ್ಯ ಸಂಗತಿ. ನಮ್ಮ ಗಾಡಿಯ ಛಾವಣಿಯ ಎರಡೂ ಅಂಚಿಗೆ ಮಳೆನೀರು ಹರಿಯುವ ಗಟರ್ ಇದೆ. ಲಗೇಜು ಹೊರುವ ಕ್ಯಾರಿಯರ್‌ನ ಕಾಲುಗಳು ಆ ಗಟರನ್ನೇ ಕಚ್ಚಿಕೊಂಡು ನಿಲ್ಲುತ್ತವೆ. ಟ್ರಂಕು, ಹಾಸಿಗೆ, ಮದುವೆ ಪಾತ್ರೆಗಳನ್ನು ಹೊತ್ತು ಧರ್ಮಸ್ಥಳಕ್ಕೆ ಹೋಗಿ ಬರುವ ಕ್ಯಾರಿಯರ್‌ಗೆ ಬೇಡವಾದ ತೂತು, 11 ಕೆ.ಜಿ.ಯ ಪ್ಯಾನೆಲ್ಲಿಗೆ ಏಕೆ? ಜೆ.ಸಿ. ರಸ್ತೆಯಲ್ಲಿ ಗಟರ್ ಕ್ಲಾಂಪಿನ ಎಂಟು ಕಾಲುಗಳನ್ನು ಕೊಂಡೆ. ಮೈದುನ 40 ಮಿ.ಮೀ. ಚೌಕದ ಅಲ್ಯೂಮಿನಿಯಂ ಕೊಳವೆಯಲ್ಲಿ ನಾಲ್ಕು ಅಡ್ಡಪಟ್ಟಿ ಕತ್ತರಿಸಿಕೊಟ್ಟ. ಪ್ಯಾನೆಲ್ಲಿಗೆ ಎರಡು ಪಟ್ಟಿ, ಪಟ್ಟಿಗೆ ಎರಡು ಕಾಲು. ಕ್ಲಾಂಪ್ ಕಚ್ಚುವಲ್ಲಿ ಬಣ್ಣ ಸುಲಿದು ತುಕ್ಕು ಹಿಡಿಯದಂತೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಇಟ್ಟೆವು.

ಪ್ಯಾನೆಲ್ ಚೌಕಟ್ಟಿನಲ್ಲಿ ಕಂಪನಿಯೇ ಕೊರೆದ ತೂತುಗಳಿರುತ್ತವೆ, ಅವನ್ನೇ ಬಳಸಿ. ಹೊಸದಾಗಿ ಕೊರೆಯಲು ಹೋದರೆ ಡ್ರಿಲ್ ಜಾರಿ ಗಾಜಿಗೆ ತಗುಲುತ್ತದೆ, ವಾರಂಟಿಗೂ ತಗುಲುತ್ತದೆ. ಬೋಲ್ಟು 8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನದು, ನಟ್ಟು ಒಳಗೆ ನೈಲಾನ್ ಬಳೆ ಇರುವಂಥದ್ದು. ಸ್ಟೀಲೂ ಅಲ್ಯೂಮಿನಿಯಮ್ಮೂ ನೀರಿನಲ್ಲಿ ಜೊತೆಗಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಇರಲಿ. ಬೋಲ್ಟಿನ ತಿರುಪುಗೆರೆಗಳಿಗೆ ಚಿಟಿಕೆ ಗ್ರೀಸ್ ಹಚ್ಚಿ, ಇಲ್ಲವಾದರೆ ಸ್ಟೇನ್‌ಲೆಸ್ ನಟ್ಟು ಅರ್ಧದಲ್ಲೇ ಕಚ್ಚಿಕೊಂಡು ಹಿಂದೆಯೂ ಬಾರದು, ಮುಂದೆಯೂ ಹೋಗದು.

ಗಟರ್ ಇಲ್ಲದ ಗಾಡಿಯಾದರೆ ತೂತು ಅನಿವಾರ್ಯ. ಆಗಲೂ ತಗಡಿಗೆ ಸ್ಕ್ರೂ ಕೊರೆಯಬೇಡಿ. ಬೋಲ್ಟು ಆರಪಾರ ಹೋಗಬೇಕು, ಒಳಗಡೆ ಅಂಗೈ ಅಗಲದ ಲೋಹದ ತುಂಡು ಅದರ ಎಳೆತವನ್ನು ಹರಡಿಕೊಳ್ಳಬೇಕು, ಕಾಲಿನ ಅಡಿಗೆ ವಾಹನಗಳಿಗೆಂದೇ ಇರುವ ಪಾಲಿಯುರೆಥೇನ್ ಸೀಲಂಟ್ ಇರಬೇಕು. ತೂತು ಛಾವಣಿಯ ಉಬ್ಬಿದ ಏಣಿನ ಮೇಲಿರಲಿ, ನೀರು ನಿಲ್ಲುವ ತಗ್ಗಿನಲ್ಲಿ ಬೇಡ.

ಗಾಳಿಯ ಬಲವನ್ನು ಹಗುರವಾಗಿ ಎಣಿಸಬೇಡಿ. 80 ಕಿ.ಮೀ. ವೇಗದಲ್ಲಿ ಅದರ ಒತ್ತಡ ಚದರ ಮೀಟರಿಗೆ ಸುಮಾರು 30 ಕೆ.ಜಿ. ಭಾರಕ್ಕೆ ಸಮ, 100 ಕಿ.ಮೀ.ಗೆ 47. ನಮ್ಮ ಪ್ಯಾನೆಲ್ ಹೆಚ್ಚು ಕಡಿಮೆ ಒಂದು ಚದರ ಮೀಟರ್. ಅದರ ಮೇಲೆ, ಹಳೆ ಮದ್ರಾಸ್ ರಸ್ತೆಯಲ್ಲಿ ಪಕ್ಕಕ್ಕೆ ಬರುವ ಲಾರಿಗಳು ಕೊಡುವ ತಳ್ಳು ಬೇರೆ. ಗಾಳಿ ಮುಂದಿನ ಅಂಚಿನ ಕೆಳಗೆ ನುಗ್ಗಿ ಎತ್ತದಂತೆ ಮುಂಭಾಗದ ಪಟ್ಟಿಗೆ ಒಂದು ಅಲ್ಯೂಮಿನಿಯಂ ತಗಡನ್ನು ಮೊರದ ಹಾಗೆ ಓರೆಯಾಗಿ ಬಗ್ಗಿಸಿ ಕೂರಿಸಿದೆವು. ಪಕ್ಕದ ಎರಡು ಕಡೆ ಮುಚ್ಚಬೇಡಿ, ಬಿಸಿ ಹೋಗಲು ದಾರಿ ಬೇಕು.

ಹಳೆಯ ಹದಿನಾರು ತೂತು ಮುಚ್ಚುವುದಕ್ಕೆ ಇಡೀ ಒಂದು ಭಾನುವಾರ ಹೋಯಿತು. ಅದರಲ್ಲಿ ಹೆಚ್ಚು ಹೊತ್ತು ತಿಂದದ್ದು ತೂತಲ್ಲ, ಸಿಲಿಕಾನ್. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಬೇರೆ ಅಂಟು ಹಿಡಿಯುವುದಿಲ್ಲ, ವಿನೆಗರ್ ವಾಸನೆ ಬರುವ ಬಗೆಯದಾದರೆ ತಗಡನ್ನೂ ತಿನ್ನುತ್ತದೆ. ಬ್ಲೇಡಿನಿಂದ ಕೆರೆದು, ಉಜ್ಜಿ, ಒರೆಸಿ, ತುಕ್ಕು ತೆಗೆದು, ಸತುವಿನ ಪ್ರೈಮರ್ ಬಳಿದು, ಒಂದೊಂದಕ್ಕೂ ಸೀಲಂಟ್ ಮೆತ್ತಿದ ಮುಚ್ಚುತಲೆಯ ರಿವೆಟ್ ಹೊಡೆದೆವು. ಏಳನೆಯ ತೂತಿನ ಹೊತ್ತಿಗೆ ಮನೆಯವರು ಕಾಫಿ ತರುವ ನೆಪದಲ್ಲಿ ಇಳಿದು ಹೋದವರು ಹದಿನಾಲ್ಕನೆಯದಕ್ಕೆ ಬಂದರು.

ಹೊಸದಾಗಿ ಕೊರೆದದ್ದು ಒಂದೇ ಒಂದು, ತಂತಿ ಒಳಗಿಳಿಯಲು. ಅದನ್ನು ಹಾಸಿಗೆಯ ಮೇಲೆ ಕೊರೆಯಬೇಡಿ, ಬಟ್ಟೆ ಬೀರುವಿನ ಮೂಲೆಯ ಮೇಲೂ ಬೇಡ. ಸೋರಿದರೆ ಕಣ್ಣಿಗೆ ಬೀಳುವ ಕಡೆ ಇರಲಿ. ನಮ್ಮದು ಬಾಗಿಲಿನ ಪಕ್ಕ. ಕೊರೆದ ಕೂಡಲೇ ಬಟ್ಟೆ ಸುತ್ತಿದ ಆಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನೆಲ್ಲ ಎತ್ತಿಬಿಡಿ, ರಾತ್ರಿ ಬಿಟ್ಟರೆ ಬೆಳಗ್ಗೆ ಬಣ್ಣದ ಮೇಲೆ ತುಕ್ಕಿನ ಚುಕ್ಕಿ ರಂಗೋಲಿ. ಅಂಚನ್ನು ಅರದಿಂದ ನಯ ಮಾಡಿ, ಪ್ರೈಮರ್ ಬಳಿದು ಒಣಗಿದ ಮೇಲೆ ರಬ್ಬರ್ ಗ್ರೊಮೆಟ್ (ತಗಡಿನ ಅಂಚು ತಂತಿಯನ್ನು ಕೊಯ್ಯದಂತೆ ತೂತಿಗೆ ಕೂರಿಸುವ ಬಳೆ), ಅದರ ಮೇಲೆ ಎರಡು ಗ್ಲ್ಯಾಂಡ್ (ತಂತಿಯನ್ನು ನೀರು ನುಸುಳದಂತೆ ಬಿಗಿದು ಹಿಡಿಯುವ ಬಾಯಿ) ಇರುವ ಪ್ಲಾಸ್ಟಿಕ್ ಡಬ್ಬಿ. ಗ್ಲ್ಯಾಂಡಿನ ಬಾಯಿ ಗಾಡಿಯ ಹಿಂಬದಿಗೆ ನೋಡಬೇಕು. ತಂತಿ ಡಬ್ಬಿಯೊಳಗೆ ಹೋಗುವ ಮುನ್ನ ಒಂದು ಸಣ್ಣ ಜೋಲು ಬಿಡಿ. ನೀರು ಆ ಜೋಲಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹತ್ತುವುದಿಲ್ಲ.

ತಂತಿ ಸೋಲಾರ್‌ಗೆಂದೇ ಮಾಡಿದ 4 ಚದರ ಮಿ.ಮೀ.ನದು. ಮನೆಯ ವೈರಿಂಗಿನ ತಂತಿಯ ಹೊದಿಕೆ ಬಿಸಿಲಿಗೆ ಬಿರಿಯುತ್ತದೆ. ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೇವೆ: ವೋಲ್ಟ್ ಕೂಡುತ್ತದೆ, ಆಂಪಿಯರ್ 10ರಲ್ಲೇ ನಿಲ್ಲುತ್ತದೆ. ಆರು ಮೀಟರ್ ದೂರಕ್ಕೆ 40 ವೋಲ್ಟಿನಲ್ಲಿ ಸೋರುವುದು ಅರ್ಧ ವೋಲ್ಟ್. ಅದನ್ನೇ ಸಮಾಂತರವಾಗಿ ಜೋಡಿಸಿ ಒಂದೇ ಜೋಡಿ ತಂತಿಯಲ್ಲಿ ತಂದಿದ್ದರೆ 20 ವೋಲ್ಟಿನಲ್ಲಿ ಒಂದು ವೋಲ್ಟ್ ಹೋಗುತ್ತಿತ್ತು. ಯಾವಾಗಲೂ ಮರದಡಿ ನಿಲ್ಲಿಸುವವರಿಗೆ ಸಮಾಂತರವೇ ಮೇಲು, ಒಂದಕ್ಕೆ ನೆರಳಾದರೂ ಇನ್ನೊಂದು ದುಡಿಯುತ್ತದೆ.

ತುದಿಗಳಿಗೆ ಎಂಸಿ4 ಕನೆಕ್ಟರ್, ಅಂದರೆ ಸೋಲಾರ್ ತಂತಿಗಳನ್ನು ನೀರು ಹೋಗದಂತೆ ಒಂದಕ್ಕೊಂದು ಸಿಕ್ಕಿಸುವ ಪ್ಲಗ್ಗು. ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ, ಇಲ್ಲಿ ಬೆಸುಗೆ ಬೇಡ. ತವರ ಹೀರಿದ ತಂತಿ ಕಡ್ಡಿಯಂತೆ ಗಟ್ಟಿಯಾಗಿ, ಗಾಡಿಯ ಕುಲುಕಿಗೆ ಅದರ ಅಂಚಿನಲ್ಲೇ ಮುರಿಯುತ್ತದೆ. ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಆಮೇಲೆ ಜೋರಾಗಿ ಜಗ್ಗಿ ನೋಡಿ. ಬಂದುಬಿಟ್ಟರೆ ಒಳ್ಳೆಯದೇ ಆಯಿತು, ರಸ್ತೆಯಲ್ಲಿ ಬರಲಿಲ್ಲವಲ್ಲ. ನನ್ನ ಮೊದಲ ಎರಡು ಬಂದವು.

ಒಳಗೆ 30 ಆಂಪಿಯರಿನ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಆದಷ್ಟೂ ಶಕ್ತಿ ಹಿಂಡಿ ಬ್ಯಾಟರಿಗೆ ತಕ್ಕ ವೋಲ್ಟಿಗೆ ಇಳಿಸಿ ತುಂಬುವ ಪೆಟ್ಟಿಗೆ), ಅದಕ್ಕೆ ಅಂಟಿದಂತೆ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಯುಪಿಎಸ್‌ನ ಹಳೆಯ ಟ್ಯೂಬುಲರ್ ಬ್ಯಾಟರಿಯನ್ನು ಮಲಗುವ ಜಾಗದಲ್ಲಿಡಬೇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕಂಟ್ರೋಲರ್‌ನಿಂದ ಬ್ಯಾಟರಿಗೆ 10 ಚದರ ಮಿ.ಮೀ. ತಂತಿ, ಬ್ಯಾಟರಿಯ ಧನ ತುದಿಗೆ ಗೇಣು ದೂರದಲ್ಲಿ 40 ಆಂಪಿಯರ್ ಫ್ಯೂಸ್. ಪ್ಯಾನೆಲ್ ಕಡೆ ಒಂದು ಡಿಸಿ ಸ್ವಿಚ್. ಮನೆಯ ಎಸಿ ಎಂಸಿಬಿ ಇಲ್ಲಿ ನಡೆಯದು, ನೇರ ವಿದ್ಯುತ್ತಿನ ಕಿಡಿ ಅದರಲ್ಲಿ ಆರದೆ ಉರಿಯಬಹುದು. ಪ್ಯಾನೆಲ್ಲಿಗೆ ಆಫ್ ಗುಂಡಿ ಇಲ್ಲ, ಬೆಳಕಿದ್ದರೆ ಕರೆಂಟಿದೆ. ಕೆಲಸದುದ್ದಕ್ಕೂ ಅದರ ಮೇಲೆ ಕಂಬಳಿ ಹೊದಿಸಿದ್ದೆ. ಮೀಟರ್ ಹಿಡಿದು ಧನ ಋಣ ಖಚಿತ ಮಾಡಿಕೊಂಡು, ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನೆಲ್ಲನ್ನು ಜೋಡಿಸಿ. ಬಿಚ್ಚುವಾಗ ತಿರುವುಮುರುವು.

ಸೀಲಂಟ್ ಒಣಗಲು ಎರಡು ದಿನ ಬಿಟ್ಟು, ಒಳಗೆ ನೆಲದ ತುಂಬ ಹಳೆಯ ದಿನಪತ್ರಿಕೆ ಹಾಸಿ, ಮೇಲೆ ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಟ್ಟೆ. ಒಂದು ಹನಿ ಬಿದ್ದರೂ ಪತ್ರಿಕೆಯಲ್ಲಿ ಕಪ್ಪಾಗಿ ಕಾಣುತ್ತದೆ. ಎಲ್ಲ ಪುಟಗಳೂ ಒಣಗಿಯೇ ಇದ್ದವು.

ಮನೆಯೆದುರಿನ ಹೊಂಗೆ ಮರದ್ದು ಮಾತ್ರ ಬಗೆಹರಿಯದ ವ್ಯಾಜ್ಯ. ಬೇಸಗೆ ಬಂದರೆ ಅದರ ಹೂವು ಪ್ಯಾನೆಲ್ ಮೇಲೆ ಮಂಡಕ್ಕಿ ಚೆಲ್ಲಿದಂತೆ ಉದುರುತ್ತದೆ. ವಾರಕ್ಕೊಮ್ಮೆ ಸೂರ್ಯ ಏರುವ ಮೊದಲು, ಗಾಜು ತಣ್ಣಗಿರುವಾಗ, ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತೇನೆ. ಬೋರ್‌ವೆಲ್ ನೀರು ಒಣಗಲು ಬಿಟ್ಟರೆ ಬಿಳಿ ಪೊರೆ ಕಟ್ಟುತ್ತದೆ, ಕೂಡಲೇ ಒಣಬಟ್ಟೆ ಆಡಿಸಬೇಕು.

ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ; ನಟ್ಟು ಸರಿದರೆ ಗೆರೆ ಮುರಿಯುತ್ತದೆ. ಗಟರ್ ಕಚ್ಚಿದ ಎಂಟು, ಪ್ಯಾನೆಲ್ ಹಿಡಿದ ಎಂಟು, ಈ ಬಾರಿಯೂ ಹದಿನಾರೇ, ಆದರೆ ಛಾವಣಿಯೊಳಗೆ ಒಂದೂ ಇಳಿದಿಲ್ಲ. ಮೊದಲ ಓಟಕ್ಕೆ ಕೋಲಾರದ ಕಡೆ ಹೊರಟವರು ಹೊಸಕೋಟೆ ದಾಟಿದ ಮೇಲೆ ನಿಲ್ಲಿಸಿ ಏಣಿ ಇಳಿಸಿದೆವು. ಹದಿನೈದು ಗೆರೆ ನೆಟ್ಟಗಿದ್ದವು. ಎಡಗಡೆಯ ಹಿಂದಿನ ಕಾಲಿನದು ಕೂದಲೆಳೆಯಷ್ಟು ಸರಿದಿತ್ತು. ಸ್ಪ್ಯಾನರಿನಲ್ಲಿ ಕಾಲು ಸುತ್ತು ಬಿಗಿದು, ಹಳೆಯ ಗೆರೆಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಹೊಸದೊಂದು ಎಳೆದು ಕೆಳಗಿಳಿದೆ.