ಕ್ರಾನಿಕ್ ಮೈಗ್ರೇನ್: ಎರಡು ಅಂಕಿ ಹಿಡಿದು ಡಾಕ್ಟರ ಹತ್ತಿರ ಹೋಗಿ

ನ್ಯೂರಾಲಜಿ ಒಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವ ಹೊತ್ತು ಬಹಳ ಕಡಿಮೆ. ಅಷ್ಟರಲ್ಲಿ "ಯಾವಾಗಲೂ ತಲೆನೋವು ಡಾಕ್ಟ್ರೇ, ತಡೆಯೋಕಾಗಲ್ಲ" ಅಂದರೆ ಅವರಿಗೆ ತಿಳಿಯುವುದು ಏನೂ ಇಲ್ಲ. ತಿಂಗಳಲ್ಲಿ ಎಷ್ಟು ದಿನ ತಲೆನೋವಿತ್ತು, ಎಷ್ಟು ದಿನ ಮಾತ್ರೆ ನುಂಗಿದೆವು: ಈ ಎರಡು ಅಂಕಿ ಬೇಕು. ನನ್ನ ಚಿಕಿತ್ಸೆ ದಾರಿಗೆ ಬಂದದ್ದು ಇವುಗಳಿಂದಲೇ.

ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣ, ಹೀಗೆ ಮೂರು ತಿಂಗಳು ಮೀರಿದರೆ ಅದನ್ನು ಕ್ರಾನಿಕ್ ಮೈಗ್ರೇನ್ ಅನ್ನುತ್ತಾರೆ. ಎಣಿಕೆ ತಪ್ಪುವುದು ಇಲ್ಲೇ. ವಾಂತಿ ಬಂದು ಮಲಗಿದ ದಿನಗಳನ್ನಷ್ಟೇ ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ತಲೆ ಭಾರ ಅಂದುಕೊಂಡೇ ಕೆಲಸ ಮಾಡಿದ ದಿನಗಳು ಬಿಟ್ಟುಹೋಗುತ್ತವೆ. ಆಗ ಡಾಕ್ಟರಿಗೆ ಕೇಳಿಸುವುದು "ಆರು ದಿನ", ನಿಜದಲ್ಲಿ ಇದ್ದದ್ದು ಇಪ್ಪತ್ತು. ಅದಕ್ಕೆ ನಾನು ತಲೆ ಪೂರ್ತಿ ಹಗುರವಾಗಿದ್ದ ದಿನ ಎಷ್ಟು ಅಂತ ಮೊದಲು ಎಣಿಸುತ್ತೇನೆ. ಉಳಿದದ್ದೆಲ್ಲ ತಲೆನೋವಿನ ದಿನ.

ಆ್ಯಪ್ ಬೇಕಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. ನನ್ನ ಒಂದು ಚೌಕ ಹೀಗಿರುತ್ತದೆ: "ಬೆ 6, ಎಡ, 8, ವಾ, ನೆ 500 @ 6.30, 8.30ಕ್ಕೆ 3". ಅಂದರೆ ಬೆಳಿಗ್ಗೆ ಆರಕ್ಕೆ ಶುರು, ಎಡಗಡೆ, ಹತ್ತಕ್ಕೆ ಎಂಟು ನೋವು, ವಾಕರಿಕೆ, ನೆಪ್ರಾಕ್ಸೆನ್ 500 ಮಿ.ಗ್ರಾಂ, ಎರಡು ಗಂಟೆ ಕಳೆದ ಮೇಲೆ ನೋವು ಮೂರಕ್ಕೆ. ಆ ಎರಡು ಗಂಟೆಯ ಅಂಕಿಯನ್ನು ಬಿಡಬೇಡಿ, ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ಅದೇ ಸಾಕ್ಷಿ. ಮಾತ್ರೆ ತಗೊಂಡ ದಿನಕ್ಕೆ ಕೆಂಪು ಸುತ್ತು, ಮುಟ್ಟಿನ ದಿನಕ್ಕೆ ಚುಕ್ಕಿ.

ಕೆಂಪು ಸುತ್ತು ಯಾಕೆಂದರೆ, ಮೂರು ತಿಂಗಳು ಮೀರಿ ತಿಂಗಳಿಗೆ 15 ದಿನ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನೆಪ್ರಾಕ್ಸೆನ್‌ನಂಥ ಮಾತ್ರೆ ತಗೊಂಡರೆ ಮಾತ್ರೆಯೇ ತಲೆನೋವು ತರಬಹುದು. ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೊಟಮೈನ್ ಮಾತ್ರೆಗಳಿಗೆ, ಕೆಫೀನ್ ಬೆರೆಸಿದ ನೋವಿನ ಮಾತ್ರೆಗಳಿಗೆ ಮಿತಿ ಇನ್ನೂ ಕಡಿಮೆ, 10 ದಿನ. ಮೆಡಿಕಲ್ ಶಾಪಿನಲ್ಲಿ "ತಲೆನೋವಿಗೆ ಒಂದು ಕೊಡಿ" ಅಂದಾಗ ಕೈಗೆ ಬರುವುದರಲ್ಲಿ ಎಷ್ಟೋ ಇಂಥ ಬೆರಕೆಯವು. ಸ್ಟ್ರಿಪ್ಪಿನ ಹಿಂಬದಿಯ ಫೋಟೊ ತೆಗೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಅತಿಯಾಗಿ ತಗೊಳ್ಳುತ್ತಿದ್ದ ಮಾತ್ರೆ ನಿಲ್ಲಿಸಿದಾಗ ಮೊದಲ ಒಂದೆರಡು ವಾರ ನೋವು ಹೆಚ್ಚಬಹುದು. ಇದು ಗೊತ್ತಿಲ್ಲದವರು ನಾಲ್ಕನೇ ದಿನಕ್ಕೆ ಮತ್ತೆ ಸ್ಟ್ರಿಪ್ ಹಿಡಿಯುತ್ತಾರೆ. ಟ್ರಮಡಾಲ್, ಕೊಡೀನ್‌ನಂಥ ಅಫೀಮು ಜಾತಿಯ ನೋವಿನ ಔಷಧಿ ಇದ್ದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ನಮ್ಮ ಕಡೆ ಮೈಗ್ರೇನ್ ಬಹುಕಾಲ "ಪಿತ್ತ", "ಗ್ಯಾಸ್ಟ್ರಿಕ್", "ಸೈನಸ್", "ಕನ್ನಡಕದ ನಂಬರ್" ಅನ್ನುವ ಹೆಸರಲ್ಲಿ ಓಡಾಡುತ್ತದೆ. ಮೆಟ್ಟಿಲು ಹತ್ತಿದರೆ ನೋವು ಏರುವುದು, ಬೆಳಕು ಸದ್ದು ಎರಡೂ ಆಗದಿರುವುದು, ಕತ್ತಲ ಕೋಣೆ ಬೇಕೆನಿಸುವುದು ಇದ್ದರೆ ಅದನ್ನು ಇದೇ ಮಾತಿನಲ್ಲಿ ಹೇಳಿ. ಲಕ್ಷಣ ಸ್ಪಷ್ಟವಿದ್ದು ನರಗಳ ಪರೀಕ್ಷೆ ಸರಿಯಿದ್ದರೆ ಸಾಮಾನ್ಯವಾಗಿ ಎಂಆರ್‌ಐ ಬೇಕಾಗುವುದಿಲ್ಲ. ಆದರೆ ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಹೋಗುವುದು ಇದ್ದರೆ ನೇರ ಎಮರ್ಜೆನ್ಸಿಗೆ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಗರ್ಭಿಣಿಯಾಗಿದ್ದಾಗ ಬಂದದ್ದು ಇದ್ದರೂ ತಡಮಾಡದೆ ತೋರಿಸಬೇಕು.

ಎಲ್ಲರೂ ಮೊದಲೇ ನಿಮ್ಹಾನ್ಸ್‌ಗೆ ಓಡಬೇಕಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ನಡೆಸುವ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ತಲೆನೋವೂ ಸೇರಿದೆ. ಜಿಲ್ಲಾಸ್ಪತ್ರೆಯಲ್ಲಿ ಅದರ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ.

ಹಳೆಯ ಚೀಟಿಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ: ಔಷಧಿ, ಡೋಸು, ಎಷ್ಟು ವಾರ, ಯಾಕೆ ಬಿಟ್ಟದ್ದು. "ಅಮಿಟ್ರಿಪ್ಟಿಲಿನ್ ಆಗಲಿಲ್ಲ" ಅನ್ನುವುದಕ್ಕೂ "10 ಮಿ.ಗ್ರಾಂ, ಮೂರು ವಾರ, ಬೆಳಿಗ್ಗೆ ಮಂಪರು" ಅನ್ನುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯದು ಸೋತ ಔಷಧಿಯಲ್ಲ, ಪೂರ್ತಿ ನೋಡದೇ ಬಿಟ್ಟದ್ದು. ಇಂಥ ತಡೆಗಟ್ಟುವ ಮಾತ್ರೆಗೆ, ಅಂದರೆ ನೋವು ಬರದಂತೆ ದಿನಾ ತಗೊಳ್ಳುವ ಮಾತ್ರೆಗೆ, ಸರಿಯಾದ ಡೋಸು ಮುಟ್ಟಿದ ಮೇಲೆ ಕನಿಷ್ಠ ಎಂಟು ವಾರ ಕೊಡಬೇಕು. ಟೊಪಿರಮೇಟ್ 25 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕೆ 25ರಂತೆ ಸಾಮಾನ್ಯವಾಗಿ 100ರವರೆಗೆ ಏರಿಸುತ್ತಾರೆ. ಬೆರಳು ಜುಮ್ಮೆನ್ನುವುದು, ಮಾತಿನ ಮಧ್ಯೆ ಪದ ಸಿಗದಿರುವುದು ಅದರ ಕಾಟ. ಕಿಡ್ನಿ ಕಲ್ಲು ಆಗಿದ್ದರೆ ಮೊದಲೇ ಹೇಳಿ. ಗರ್ಭ ಧರಿಸುವ ಸಾಧ್ಯತೆ ಇರುವವರು ಟೊಪಿರಮೇಟ್, ವಾಲ್ಪ್ರೊಯೇಟ್ ಎರಡರ ಬಗ್ಗೆಯೂ ತಪ್ಪದೆ ಕೇಳಬೇಕು. ಪ್ರೊಪ್ರನಲಾಲ್ ಆಸ್ತಮಾ ಇದ್ದವರಿಗೆ ಆಗದು. ಫ್ಲುನರಿಜಿನ್ ನಿದ್ದೆ ಮತ್ತು ತೂಕ ಹೆಚ್ಚಿಸುತ್ತದೆ, ಖಿನ್ನತೆ ಇದ್ದವರಿಗೆ ಬೇಡ. ಇವು ಫಲ ಕೊಡದಿದ್ದರೆ ಬೊಟಾಕ್ಸ್ ಇಂಜೆಕ್ಷನ್: ತಲೆ, ಕತ್ತು, ಭುಜದ 31 ಜಾಗಗಳಲ್ಲಿ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಒಂದು ಸಲಕ್ಕೇ ತೀರ್ಮಾನ ಮಾಡಬೇಡಿ. ಖರ್ಚು ಎಷ್ಟು, ವಿಮೆ ಕೊಡುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ನೋವು ಬಂದ ದಿನದ ಮಾತ್ರೆಗೆ ನಿಜವಾದ ಇಕ್ಕಟ್ಟು ಇದೆ. ಬೇಗ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೆಚ್ಚು ದಿನ ತಗೊಳ್ಳುವಂತಿಲ್ಲ. ನಾನು ಹಿಡಿದ ಕಟ್ಟು ವಾರಕ್ಕೆ ಎರಡು ದಿನ: ಆಕಳಿಕೆ, ಕತ್ತು ಬಿಗಿತ, ಬೆಳಕು ಚುಚ್ಚುವುದು ಕಂಡ ದಿನ ತಡಮಾಡದೆ ಪೂರ್ತಿ ಡೋಸು, ಬರೀ ಭಾರವಿದ್ದ ದಿನ ತಣ್ಣನೆ ಬಟ್ಟೆ, ನೀರು, ಊಟ, ನಿದ್ದೆ, ಮಾತ್ರೆ ಇಲ್ಲ. ಮೈಗ್ರೇನ್ ಏರಿದಾಗ ಹೊಟ್ಟೆಯ ಚಲನೆ ನಿಧಾನವಾಗಿ ಮಾತ್ರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವಾಂತಿ ನಿಲ್ಲಿಸುವ ಮಾತ್ರೆ ಜೊತೆಗೆ ಕೊಡುವುದು ಇದಕ್ಕೂ ಹೌದು. ಹೃದಯದ ತೊಂದರೆ ಇದ್ದವರಿಗೆ ಟ್ರಿಪ್ಟಾನ್ ಬೇಡ. ಪ್ರೊಪ್ರನಲಾಲ್ ತಗೊಳ್ಳುವವರಿಗೆ ರಿಜಾಟ್ರಿಪ್ಟಾನ್ 10ರ ಬದಲು 5 ಮಿ.ಗ್ರಾಂ. ಬೇರೆ ಬೇರೆ ಡಾಕ್ಟರ್ ಬರೆದ ಚೀಟಿಗಳಲ್ಲಿ ಇದು ತಪ್ಪಿಹೋಗಬಹುದು, ಅದಕ್ಕೇ ಆ ಒಂದು ಹಾಳೆ.

ಮನೆಯವರಿಗೆ, ಆಫೀಸಿಗೆ ಹೇಳುವಾಗ ನಾಚಬೇಕಿಲ್ಲ. 2009–10ರಲ್ಲಿ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ವರ್ಷ ಮೈಗ್ರೇನ್ ಇತ್ತು. "ರಜೆ ಬೇಕು" ಅನ್ನುವುದಕ್ಕಿಂತ ಟ್ಯೂಬ್‌ಲೈಟಿನ ಕೆಳಗಿಂದ ಜಾಗ ಬದಲಿಸಿ, ಊಟದ ಹೊತ್ತಿಗೆ ಮೀಟಿಂಗ್ ಇಡಬೇಡಿ ಅಂತ ಕೇಳಿದರೆ ಒಪ್ಪುವುದು ಸುಲಭ. ಡಾಕ್ಟರ್ ಅದನ್ನು ಎರಡು ಸಾಲಿನಲ್ಲಿ ಬರೆದುಕೊಡುತ್ತಾರೆ. ಮನಸ್ಸು ಕುಗ್ಗಿದ್ದರೆ, ನಿದ್ದೆ ಕೆಟ್ಟಿದ್ದರೆ ಅದೂ ಹಾಳೆಯಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.